ಸೋರುವ ಬಲರೇಖೆಗಳು

1831ನೆಯ ಇಸವಿ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಕಬ್ಬಿಣದ ಬಳೆಯೊಂದರ ಮೇಲೆ ಸುತ್ತಿದ್ದ ಎರಡು ತಾಮ್ರದ ಸುರುಳಿಗಳಿಂದ ಪ್ರಯೋಗ ನಡೆಸಿದನು. ಒಂದರಲ್ಲಿ ವಿದ್ಯುತ್ತನ್ನು ಹರಿಯಬಿಟ್ಟಾಗಲೂ ತಡೆದಾಗಲೂ ಇನ್ನೊಂದರಲ್ಲಿ ಕ್ಷಣಕಾಲ ವಿದ್ಯುತ್ತು ತೋರಿತು. ಸುರುಳಿಗಳು ಒಂದನ್ನೊಂದು ಮುಟ್ಟಿರಲಿಲ್ಲ; ಅವುಗಳನ್ನು ಬೆಸೆದದ್ದು ಕಾಂತೀಯ ಬಲರೇಖೆಗಳು. ಇಂದಿನ ಪರಿವರ್ತಕಗಳೆಲ್ಲವೂ ಆ ಬಳೆಯ ಸಂತತಿಯೇ.

ಆದರೆ ಪ್ರಾಥಮಿಕ ಸುರುಳಿಯ ಬಲರೇಖೆಗಳೆಲ್ಲವೂ ದ್ವಿತೀಯ ಸುರುಳಿಯನ್ನು ಹಾದುಹೋಗುವುದಿಲ್ಲ. ಕೆಲವು ಎರಡರ ನಡುವಣ ತೆರಪಿನಲ್ಲಿಯೇ ಸುಳಿದು ಹಿಂದಿರುಗುತ್ತವೆ. ಇದರಿಂದ ಉಂಟಾಗುವ ಗುಣಕ್ಕೆ ಸೋರಿಕೆ ಪ್ರೇರಕತ್ವವೆಂದು ಹೆಸರು. ಕಾಲುವೆಯಿಂದ ಸೋರಿದ ನೀರು ನೆಲದಲ್ಲಿ ಇಂಗಿಹೋಗುತ್ತದೆ. ಸೋರಿದ ಬಲರೇಖೆಗಳಲ್ಲಿಯಾದರೋ ಶಕ್ತಿಯು ಅಡಗಿ ಕುಳಿತಿರುತ್ತದೆ.

ಮೊಬೈಲ್ ಫೋನಿನ ಚಾರ್ಜರಿನಲ್ಲಿ ಟ್ರಾನ್ಸಿಸ್ಟರೊಂದು ಪ್ರಾಥಮಿಕ ಸುರುಳಿಯ ಪ್ರವಾಹವನ್ನು ಸೆಕೆಂಡಿಗೆ ಲಕ್ಷ ಬಾರಿ ತಡೆಯುತ್ತದೆಂದು ಭಾವಿಸಬಹುದು. ಪ್ರವಾಹವು 1 ಆಂಪಿಯರ್, ಸೋರಿಕೆ ಪ್ರೇರಕತ್ವವು 10 ಮೈಕ್ರೋಹೆನ್ರಿ ಆಗಿದ್ದರೆ ಪ್ರತಿ ಬಾರಿಯೂ 5 ಮೈಕ್ರೋಜೌಲ್ ಶಕ್ತಿಯು ದಾರಿಗಾಣದೆ ಉಳಿಯುತ್ತದೆ. ಒಟ್ಟು ನಷ್ಟವು ಅರ್ಧ ವ್ಯಾಟ್. ನಷ್ಟಕ್ಕಿಂತಲೂ ಭಯಂಕರವಾದುದು, ಆ ಶಕ್ತಿಯು ಒಮ್ಮೆಲೇ ಎಬ್ಬಿಸುವ ವೋಲ್ಟೇಜಿನ ಏರಿಕೆ. ಅದನ್ನು ತಡೆಹಿಡಿಯದಿದ್ದರೆ ಟ್ರಾನ್ಸಿಸ್ಟರು ಸುಟ್ಟುಹೋಗಬಹುದು.

ಉಪಕರಣಗಳು ತೆಳುವಾದಂತೆ ಪರಿವರ್ತಕವೂ ಚಪ್ಪಟೆಯಾಗಬೇಕಾಯಿತು. ಫೆರೈಟಿನ ತಗ್ಗಾದ ತಿರುಳಿನೊಳಗೆ ತಾಮ್ರದ ಅಗಲವಾದ ಪಟ್ಟಿಗಳನ್ನು ಹಾಳೆಗಳಂತೆ ಒಂದರ ಮೇಲೊಂದು ಇರಿಸುತ್ತಾರೆ. ಸುತ್ತುಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಸೋರಿಕೆಯು ಹೆಚ್ಚುತ್ತದೆ. ಸುರುಳಿಯು ಅಗಲವಾದಂತೆ ಕುಗ್ಗುತ್ತದೆ. ಆದುದರಿಂದ ಸುತ್ತುಗಳು ಕಡಿಮೆಯಿರುವ ಈ ರಚನೆಯು ಅನುಕೂಲಕರವಾದುದು. ಪ್ರಾಥಮಿಕ ಸುರುಳಿಯನ್ನು ಎರಡು ಪಾಲು ಮಾಡಿ, ದ್ವಿತೀಯ ಸುರುಳಿಯನ್ನು ಅವುಗಳ ನಡುವೆ ಇರಿಸಿದರೆ ಸೋರಿಕೆಯು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ಸುರುಳಿಗಳನ್ನು ಇನ್ನೂ ಒತ್ತಾಗಿ ಇರಿಸಬಾರದೇಕೆ? ಒಂದು ಬದಿಯಲ್ಲಿರುವುದು ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು; ಇನ್ನೊಂದು ಬದಿಯಲ್ಲಿರುವುದು ಫೋನನ್ನು ಹಿಡಿದ ಮಗುವಿನ ಕೈ. ಇವೆರಡರ ನಡುವಿನ ಅವಾಹಕ ಪದರವೇ ಪ್ರಾಣರಕ್ಷಕ. ಅದನ್ನು ತೆಳುವಾಗಿಸಿ ಸೋರಿಕೆಯನ್ನು ಉಳಿಸಹೊರಟರೆ ಜೀವಕ್ಕೆ ಎರವಾದೀತು. ಅಲ್ಲದೆ, ಸುರುಳಿಗಳು ಸಮೀಪಿಸಿದಷ್ಟೂ ಅವು ಕೆಪಾಸಿಟರಿನಂತೆ ವರ್ತಿಸಿ ಬೇಡದ ಕಂಪನಗಳನ್ನು ಆಚೆಗೆ ದಾಟಿಸುತ್ತವೆ.

ಸೋರಿಕೆಯು ಎಲ್ಲೆಡೆಯೂ ಕೆಡುಕಲ್ಲ. ಬೀದಿಯ ಪರಿವರ್ತಕದ ತಂತಿಗಳು ಒಂದಕ್ಕೊಂದು ತಗುಲಿದಾಗ ನುಗ್ಗುವ ಪ್ರವಾಹಕ್ಕೆ ಕಡಿವಾಣ ಹಾಕುವುದು ಈ ಸೋರಿಕೆಯೇ. ಬೆಸುಗೆಯ ಯಂತ್ರಗಳಲ್ಲಿ ಅದನ್ನು ಬೇಕೆಂದೇ ಹೆಚ್ಚಿಸುತ್ತಾರೆ. ಸೋರಿಕೆಯನ್ನು ಇಲ್ಲವಾಗಿಸುವುದಲ್ಲ, ಎಲ್ಲಿ ಎಷ್ಟಿರಬೇಕೆಂದು ಅಳೆದು ನಿರ್ಧರಿಸುವುದೇ ಯಂತ್ರಶಿಲ್ಪಿಯ ವಿವೇಕ.