ಗಿಟಾರಿನ ಕಚ್ಚು, ಮಗುವಿನ ಬೆರಳು



ಚರ್ಚಿನ ಗಾಯನ ವೃಂದಕ್ಕೆ ಸೇರಲಿ ಎಂದು ಮಗುವಿಗೆ ಗಿಟಾರ್ ಕೊಡಿಸುತ್ತೇವೆ. ಕಲಿಯುವಾಗ ಬೆರಳು ಸ್ವಲ್ಪ ನೋಯುವುದು ಸಹಜ. ಆದರೆ ತಿಂಗಳುಗಳಾದರೂ ನೋವು ನಿಲ್ಲದೆ, ಸ್ವರವೂ ಕೂಡದೆ ಮಗು ಗಿಟಾರನ್ನು ಮೂಲೆಗಿಟ್ಟರೆ, "ನಿನಗೆ ಶ್ರದ್ಧೆಯಿಲ್ಲ" ಎಂದು ಗದರುವ ಮುನ್ನ ಅದರ 'ನಟ್' ನೋಡಿರಿ.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರ್ಗನ್‌ಗೆ ಹಿರಿಯ ಸ್ಥಾನವನ್ನಿತ್ತು, ಯೋಗ್ಯವಾದ ಇತರ ವಾದ್ಯಗಳಿಗೂ ಆರಾಧನೆಯಲ್ಲಿ ಅವಕಾಶ ನೀಡಿತು. ಶ್ರುತಿಗೆ ನಿಲ್ಲದ ವಾದ್ಯ ಯೋಗ್ಯವೆನಿಸೀತೇ?

ಬಿರಡೆಗಳ ಕೆಳಗೆ, ಕುತ್ತಿಗೆಯ ತುದಿಯಲ್ಲಿರುವ ಆರು ಕಚ್ಚುಗಳ ಪಟ್ಟಿಯೇ ನಟ್. ಕಚ್ಚು ಆಳ ಸಾಲದಿದ್ದರೆ ತಂತಿ ಎತ್ತರದಲ್ಲಿರುತ್ತದೆ. ಒತ್ತಿದಾಗ ಬೆರಳು ನೋಯುತ್ತದೆ, ತಂತಿ ಹಿಗ್ಗಿ ಸ್ವರ ಏರುತ್ತದೆ. ಆಳ ಹೆಚ್ಚಾದರೆ ಒತ್ತದೆ ನುಡಿಸಿದ ತಂತಿ ಫ್ರೆಟ್ಟಿಗೆ ತಾಗಿ ಝರ್ರೆನ್ನುತ್ತದೆ.

ಪರೀಕ್ಷೆ ಸುಲಭ. ಎರಡನೆಯ ಮತ್ತು ಮೂರನೆಯ ಫ್ರೆಟ್ಟಿನ ನಡುವೆ ತಂತಿಯನ್ನು ಒತ್ತಿರಿ. ಆಗ ಮೊದಲ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಸಂದಿ ಇದ್ದರೆ ಸರಿ. ಹೆಚ್ಚಿದ್ದರೆ ಮಾತ್ರ ಅರದಿಂದ ಉಜ್ಜಬೇಕು.

ಸಾಮಾನ್ಯ ಲೈಟ್ ಉಕ್ಕಿನ ತಂತಿಗಳಲ್ಲಿ ಮೊದಲನೆಯದು ಸುಮಾರು 0.30 ಮಿ.ಮೀ., ಆರನೆಯದು 1.35 ಮಿ.ಮೀ. ದಪ್ಪ. ಆದ್ದರಿಂದ ಆರಕ್ಕೂ ಒಂದೇ ಅರ ಸಾಲದು. ಕಚ್ಚು ತಂತಿಗಿಂತ ತುಸುವೇ ಅಗಲವಿರಲಿ, ಬಿರಡೆಯ ಕಡೆಗೆ ಇಳಿಜಾರಾಗಿರಲಿ. ಎರಡು ಬಾರಿ ಉಜ್ಜಿ, ತಂತಿ ಬಿಗಿದು, ಮತ್ತೆ ಪರೀಕ್ಷಿಸಿರಿ. ಕೊರೆದದ್ದು ಮರಳಿ ಬಾರದು. ತಂತಿ ಕಚ್ಚಿನಲ್ಲಿ ಸಿಕ್ಕಿಕೊಂಡರೆ ಸೀಸದ ಕಡ್ಡಿಯ ಪುಡಿ ಹಚ್ಚಿರಿ.

ಬ್ರಿಡ್ಜಿನ ಮಾತು ಬೇರೆ. ಸಾಮಾನ್ಯ ಗಿಟಾರಿನಲ್ಲಿ ಅದರ ಮೇಲಿರುವ ಬಿಳಿ ಪಟ್ಟಿಗೆ, ಅಂದರೆ ಸ್ಯಾಡಲ್‌ಗೆ, ಕಚ್ಚು ಬೇಕಿಲ್ಲ. ಎತ್ತರವಾಗಿದ್ದರೆ ಹೊರತೆಗೆದು ತಳವನ್ನು ಸಮನಾಗಿ ಉಜ್ಜುವುದು ವಾಡಿಕೆ. 1 ಮಿ.ಮೀ. ತೆಗೆದರೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿ ಸುಮಾರು ಅರ್ಧ ಮಿ.ಮೀ. ಇಳಿಯುತ್ತದೆ.

ಗುಂಜಿ, ಖಾನಾಪುರದ ಮಳೆಗಾಲದಲ್ಲಿ ಎಚ್ಚರಿಕೆ ಬೇಕು. ಮರ ತೇವ ಹೀರಿ ಹಲಗೆ ಉಬ್ಬಿದರೆ ಬ್ರಿಡ್ಜ್ ಮೇಲೆದ್ದು ತಂತಿಗಳೂ ಏರುತ್ತವೆ. ನಟ್ ಪರೀಕ್ಷೆಯಲ್ಲಿ ಸರಿಯಿದ್ದರೆ ಅರ ಮುಟ್ಟಬೇಡಿರಿ, ಹವೆ ಒಣಗುವವರೆಗೆ ಕಾಯಿರಿ.

ಗುಂಜಿಯ ರೈಲು ಹಳಿ ಬೆಳಗಾವಿ ದಾಟಿ ಮಿರಜ್ ಸೇರುತ್ತದೆ. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ತಂಬೂರಿಯ ಕುದುರೆಯನ್ನು ತುಸು ಉಜ್ಜಿ, ನುಡಿಸಿ, ಕೇಳಿ, ಮತ್ತೆ ಉಜ್ಜುವ ಕೆಲಸಕ್ಕೆ 'ಜವಾರಿ' ಎನ್ನುತ್ತಾರೆ. ಗಿಟಾರಿಗೂ ಅದೇ ತಾಳ್ಮೆ ಬೇಕು, ಮಗುವಿಗೂ ಅದೇ. ಈ ವಾರ ತಂದೆತಾಯಿಯರು ಮಗುವಿನ ಜೊತೆ ಕುಳಿತು ಆರೂ ತಂತಿಗಳನ್ನು ಪರೀಕ್ಷಿಸಿರಿ. ತಪ್ಪು ಬೆರಳಿನದೋ ಕಚ್ಚಿನದೋ ತಿಳಿದ ಮೇಲೆ ಮಾತಾಡೋಣ.