ಫ್ಯೂಸ್ ಯಾಕೆ ಸುಟ್ಟಿತು?

ಸಂತೆಗೆ ಸೊಪ್ಪು, ತರಕಾರಿ ಸಾಗಿಸುವ ಹಳೆಯ ಪಿಕಪ್ ಗಾಡಿಗಳು ನಮ್ಮ ಕಡೆ ಬಹಳ. ಕೋಳಿ ಕೂಗುವ ಮುಂಚೆ ಹೊರಡಬೇಕು. ಆ ಕತ್ತಲಲ್ಲಿ ಹೆಡ್‌ಲೈಟು ಹತ್ತದಿದ್ದರೆ? "ನಿಧಾನಕ್ಕೆ ಹೋಗೋಣ ಬಿಡಿ" ಅನ್ನೋದು ಬೇಡ. ದೀಪವಿಲ್ಲದ ಗಾಡಿ ಎದುರಿನವರಿಗೆ ಕಾಣೋದಿಲ್ಲ.

ಮೊದಲು ಫ್ಯೂಸ್ ನೋಡೋಣ. ಫ್ಯೂಸ್ ಪೆಟ್ಟಿಗೆ ಸ್ಟೇರಿಂಗ್ ಕೆಳಗೋ, ಬ್ಯಾಟರಿ ಹತ್ತಿರವೋ ಇರುತ್ತದೆ. ಫ್ಯೂಸಿನ ತಲೆಯ ಮೇಲೆ ಅಂಕಿ ಇದೆ. ಕೆಂಪು ಫ್ಯೂಸಿಗೆ 10, ನೀಲಿಗೆ 15, ಹಳದಿಗೆ 20, ಹಸಿರಿಗೆ 30. ಅಂಕಿ ಓದೋದು ಈಗ ನಮಗೆ ಬರುತ್ತದಲ್ಲ! ಇದು ಆಂಪಿಯರ್ ಲೆಕ್ಕ. ಕಾಲುವೆಯಲ್ಲಿ ನೀರು ಹರಿದ ಹಾಗೆ ವಯರಿನಲ್ಲಿ ಕರೆಂಟು ಹರಿಯುತ್ತದೆ. ಎಷ್ಟು ಹರಿಯಬಹುದು ಎಂದು ಈ ಅಂಕಿ ಹೇಳುತ್ತದೆ.

ಫ್ಯೂಸಿನ ಒಳಗೆ ಒಂದು ಸಣ್ಣ ತಂತಿ. ಅಳತೆ ಮೀರಿ ಕರೆಂಟು ಹರಿದರೆ ಅದು ಕರಗಿ ತುಂಡಾಗುತ್ತದೆ. ತಾನು ಸುಟ್ಟು ಗಾಡಿಯ ವಯರನ್ನು ಉಳಿಸುತ್ತದೆ.

ಕೆಲವರು ಸುಟ್ಟ ಫ್ಯೂಸ್ ಕಿತ್ತು ತಾಮ್ರದ ತಂತಿ ಸುತ್ತುತ್ತಾರೆ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ತುರುಕುವ ಜಾಣರೂ ಇದ್ದಾರೆ. ದೀಪ ಹತ್ತುತ್ತದೆ, ನಿಜ. ಆದರೆ ಕರೆಂಟನ್ನು ತಡೆಯೋರು ಈಗ ಯಾರೂ ಇಲ್ಲ. ವಯರು ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಗಾಡಿಯಲ್ಲಿ ಡೀಸೆಲ್ ಇದೆ. ಬೆಂಕಿ ಹತ್ತಿದರೆ ಒಳಗೆ ಕೂತವರ ಗತಿ ಏನು? 10ರ ಜಾಗಕ್ಕೆ 30 ಹಾಕೋದೂ ಅಷ್ಟೇ ಅಪಾಯ.

ಅದೇ ಅಂಕಿಯ ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟಿತೇ? ಹಾಗಾದರೆ ಎಲ್ಲೋ ವಯರು ಬರಿದಾಗಿ ಗಾಡಿಯ ತಗಡಿಗೆ ತಾಗಿದೆ. ಹಿಂದಿನ ದೀಪದ ಹತ್ತಿರ, ವಯರು ತಗಡಿನ ತೂತಿನಲ್ಲಿ ನುಸುಳುವ ಕಡೆ ನೋಡಿ. ಗುಂಡಿಗೆ ಇಳಿದಾಗ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ವಯರು ಅಲ್ಲಾಡಿ ಉಜ್ಜುತ್ತಿದೆ ಎಂದರ್ಥ. ಇಲಿ ಕಡಿದದ್ದೂ ಇರಬಹುದು.

ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ವಯರು ಬಿಚ್ಚಿಸಿ. ಲೋಹದ ಬಳೆ, ಉಂಗುರ ತೆಗೆದಿಡಿ. 12 ವೋಲ್ಟಿನ ಬ್ಯಾಟರಿಯಿಂದ ಸಾಮಾನ್ಯವಾಗಿ ಶಾಕ್ ಹೊಡೆಯೋದಿಲ್ಲ. ಆದರೆ ಬ್ಯಾಟರಿಯ ಎರಡೂ ತುದಿಗೆ ಬಳೆ ತಾಗಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಗಾಜಿನ ಬಳೆಯಾದರೆ ಆ ಭಯವಿಲ್ಲ.

ಫ್ಯೂಸ್ ಸರಿ ಇದೆ, ದೀಪ ಮಾತ್ರ ಇಲ್ಲ. ಆಗ ರಿಲೇ ನೋಡಬೇಕು. ಅದೊಂದು ಸಣ್ಣ ಕಪ್ಪು ಡಬ್ಬಿ. ಕೆರೆಯ ತೂಬಿನ ಹಾಗೆ ಅಂತ ತಿಳಿಯಿರಿ. ಸ್ವಿಚ್ಚಿನಿಂದ ಬರುವ ಸ್ವಲ್ಪ ಕರೆಂಟು ಒಳಗಿನ ಸುರುಳಿಯನ್ನು ಅಯಸ್ಕಾಂತ ಮಾಡುತ್ತದೆ. ಅದು ಎಳೆದಾಗ ದೊಡ್ಡ ಕರೆಂಟಿಗೆ ದಾರಿ ತೆರೆಯುತ್ತದೆ. ರಿಲೇ ಮೇಲೆ ಬೆರಳಿಟ್ಟು ಸ್ವಿಚ್ ಹಾಕಿಸಿ. "ಟಿಕ್" ಅಂದರೆ ಸುರುಳಿ ಕೆಲಸ ಮಾಡುತ್ತಿದೆ. ಆಮೇಲೆ ಬಲ್ಬು, ಮುಂದಿನ ವಯರು ನೋಡೋದು. ಶಬ್ದವೇ ಇಲ್ಲದಿದ್ದರೆ ರಿಲೇಗೆ ಕರೆಂಟು ಬರುತ್ತಿಲ್ಲ, ಇಲ್ಲವೇ ರಿಲೇ ಕೆಟ್ಟಿದೆ. ಹಾರ್ನಿನ ರಿಲೇ ಇದೇ ಬಗೆಯದ್ದಾಗಿ, ಕಾಲುಗಳೂ ಅಂಕಿಗಳೂ ಒಂದೇ ಆಗಿದ್ದರೆ ಅದಲುಬದಲು ಮಾಡಿ ನೋಡಬಹುದು.

ಹಳೆ ಗಾಡಿಯಲ್ಲಿ ಇನ್ನೊಂದು ಕಾಟ, ಅರ್ಥ್ ವಯರು. ಇದನ್ನು ಗಾಡಿಯ ಮೈಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ತುಕ್ಕು ಹಿಡಿದರೆ ದೀಪ ಮಂಕು. ಮರಳು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪ್ರತಿ ಅಂಕಿಯ ಎರಡು ಫ್ಯೂಸ್ ಗಾಡಿಯಲ್ಲೇ ಇಡಿ. ಅಂಗಡಿಗೆ ಹೋದಾಗ ಬಣ್ಣದ ಜೊತೆ ಅಂಕಿಯನ್ನೂ ಓದಿ ತನ್ನಿ. ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ ಗ್ಯಾರೇಜಿಗೆ ಹೋಗಿ, "ವಯರು ಎಲ್ಲಿ ಉಜ್ಜಿದೆ, ತೋರಿಸಣ್ಣ" ಅಂತ ಕೇಳಿ. ತೋರಿಸಿದ ಮೇಲೇ ದುಡ್ಡು ಕೊಡಿ.