ಗಡಿನಾಡಿನ ಹಬ್ಬದಡಿಗೆ: ಒಂದು ಅಭ್ಯಾಸ

ಒಂದು ಪ್ರದೇಶದ ಭಾಷೆಯನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಅಲ್ಲಿಯ ಶಿಲಾಶಾಸನಗಳನ್ನೂ ಜನಗಣತಿಯ ಅಂಕಿಗಳನ್ನೂ ನೋಡುತ್ತಾರೆ. ಅಡಿಗೆಮನೆಯ ಒಳಗೆ ಇಣುಕುವವರು ವಿರಳ. ನಮ್ಮ ಜತ್ತ ತಾಲೂಕಿನ ಮಟ್ಟಿಗಂತೂ ಭಾಷೆಯ ಅತ್ಯಂತ ಹಳೆಯ ದಾಖಲೆ ಒಲೆಯ ಮುಂದೆಯೇ ಉಳಿದುಕೊಂಡಿದೆ ಎಂಬುದು ನನ್ನ ತಿಳಿವಳಿಕೆ. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. 1960ರಲ್ಲಿ ನಾವು ಮಹಾರಾಷ್ಟ್ರದವರಾದೆವು. ಈ ಮೂರು ಬದಲಾವಣೆಗಳಲ್ಲಿ ಯಾವುದೂ ಉಮದಿ, ಸಂಖ, ಮಾಡಗ್ಯಾಳಗಳ ಮನೆಗಳಲ್ಲಿ ಹೋಳಿಗೆಯ ಹೆಸರನ್ನು ಬದಲಿಸಲಿಲ್ಲ.

ಹೆಸರಿನ ಮಾತು ಬಂದುದರಿಂದ ಅದನ್ನೇ ಮೊದಲು ನೋಡೋಣ. ನಮ್ಮ 'ತುಪ್ಪ' ಮರಾಠಿಯಲ್ಲಿ 'ತೂಪ' ಆಗಿದೆ. ನಮ್ಮ 'ಕಡಬು' ಅಲ್ಲಿ 'ಕಡಬೂ' ಆಗಿದೆ. ಪ್ರತಿಯಾಗಿ ನಾವು 'ಆಮಟಿ', 'ಉಸಳ' ಎಂಬ ಮಾತುಗಳನ್ನು ಸಂಕೋಚವಿಲ್ಲದೆ ಬಳಸುತ್ತೇವೆ. ಹೋಳಿಗೆಯ ಒಳಗಿನ 'ಹೂರಣ' ಮತ್ತು ಮರಾಠಿಯ 'ಪುರಣ' ಎರಡಕ್ಕೂ ಸಂಸ್ಕೃತದ 'ಪೂರಣ' ಶಬ್ದವೇ ಮೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇದೆ. ಅಲ್ಲಿ ಬರುವ 'ಮಂಡಕ'ವು ಇಂದಿನ ಬೆಳಗಾವಿಯ ಮಂಡಿಗೆಯನ್ನು ನೆನಪಿಸುತ್ತದೆ. ಆ ಗ್ರಂಥ ಸಂಸ್ಕೃತದ್ದು. ಕನ್ನಡದಲ್ಲಿ 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನು ಅಡಿಗೆಯನ್ನೇ ವಸ್ತುವಾಗಿಸಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದನು. ಪಾಕವಿಧಾನವನ್ನು ಛಂದಸ್ಸಿನಲ್ಲಿ ಕೂಡಿಸಿದ ಆ ಕವಿಯ ಹಸಿವು ಎಂಥದಿದ್ದೀತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹಬ್ಬಗಳ ಪಂಚಾಂಗದಲ್ಲಿಯೂ ಗಡಿನಾಡಿನ ಗುರುತು ಎದ್ದು ಕಾಣುತ್ತದೆ. ಎತ್ತುಗಳ ಹಬ್ಬವನ್ನು ನಾವು ಜ್ಯೇಷ್ಠ ಶುದ್ಧ ಹುಣ್ಣಿಮೆಯಂದು ಕಾರಹುಣ್ಣಿಮೆಯೆಂದು ಆಚರಿಸುತ್ತೇವೆ. ಮರಾಠಿ ನೆರೆಹೊರೆಯವರು ಇದನ್ನೇ 'ಕರ್ನಾಟಕಿ ಬೇಂದೂರ' ಎನ್ನುತ್ತಾರೆ. ಅವರ 'ಮಹಾರಾಷ್ಟ್ರ ಬೇಂದೂರ' ಆಷಾಢದಲ್ಲಿ ಬರುತ್ತದೆ. ಇನ್ನೂ ಉತ್ತರಕ್ಕೆ ಹೋದರೆ ಶ್ರಾವಣ ಅಮಾವಾಸ್ಯೆಯ ಪೋಳಾ. ಎರಡೂ ಕಡೆಯ ಬೀಗತನವಿರುವ ಮನೆಗಳಲ್ಲಿ ಎತ್ತಿಗೆ ಎರಡು ಸಲ ಸಿಹಿ ದೊರೆಯುವುದುಂಟು. ಎತ್ತಿನ ಹೆಸರಿನಲ್ಲಿ ಮಕ್ಕಳಿಗೂ.

ಆದರೆ ನಮ್ಮ ಒಣಬೇಸಾಯದ ನಾಡಿಗೆ ಸಹಜವಾದ ಹಬ್ಬವೆಂದರೆ ಎಳ್ಳಮಾವಾಸ್ಯೆ. ಮಾರ್ಗಶಿರದ ಕೊನೆಯ ಆ ದಿನ ಹಿಂಗಾರಿ ಜೋಳ ತೆನೆಗಟ್ಟುವ ಹಂತದಲ್ಲಿರುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡಬು, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಬುತ್ತಿ - ಇವನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸುವುದು, ಬೆಳೆಯ ಮೇಲೆ ಚರಗ ಚೆಲ್ಲುವುದು, ಆಮೇಲೆ ಗಿಡದ ನೆರಳಿನಲ್ಲಿ ಕುಳಿತು ಉಣ್ಣುವುದು. ಲಾತೂರ ಭಾಗದಲ್ಲಿ ಇದೇ ಆಚರಣೆಗೆ 'ವೇಳ ಅಮಾವಾಸ್ಯಾ' ಎಂಬ ಹೆಸರಿದೆ.

ಈ ಊಟದಲ್ಲಿ ಶಾಸ್ತ್ರದೊಂದಿಗೆ ವಿಜ್ಞಾನವೂ ಅಡಗಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮಿಥಿಯೋನಿನ್ ಎಳ್ಳಿನಲ್ಲಿದೆ. ಚಳಿಗಾಲದಲ್ಲಿ ಬೇಕಾದ ಎಣ್ಣೆಯ ಅಂಶ ಎಳ್ಳು ಶೇಂಗಾಗಳಿಂದ ದೊರೆಯುತ್ತದೆ, ಸಜ್ಜೆಯಲ್ಲಿ ಕಬ್ಬಿಣವಿದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಪಟ್ಟಣದ ಹೋಟೆಲುಗಳು ಜೋಳದ ರೊಟ್ಟಿಗೆ ದೊಡ್ಡ ಬೆಲೆ ಹಚ್ಚಿದವು. ನಮ್ಮ ಮುದುಕಿಯರಿಗೆ ಈ ಸುದ್ದಿ ಕೇಳಿ ನಗು ಬಂದುದರಲ್ಲಿ ಆಶ್ಚರ್ಯವಿಲ್ಲ.

ಜೋಳಗಳಲ್ಲಿಯೂ ಎಲ್ಲವೂ ಒಂದಲ್ಲ. ನಮ್ಮ ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದು ಮಾಲದಂಡಿ ಜಾತಿಯದು. ಜೋಳದ ಹಿಟ್ಟಿನಲ್ಲಿ ಗೋದಿಯಂತೆ ಅಂಟು ಇಲ್ಲ. ಆದಕಾರಣ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿನೀರಿಗೆ ಪಿಷ್ಟವು ಉಬ್ಬಿ ಜಿಗಿ ಬಿಡುತ್ತದೆ, ಆಗ ರೊಟ್ಟಿ ಬಿರಿಯದೆ ತಟ್ಟಬಹುದು. 1972ರ ಬರಗಾಲದಲ್ಲಿ ಹೊರದೇಶದಿಂದ ಬಂದ ಕೆಂಪು 'ಮಿಲೋ' ಜೋಳವನ್ನು ಉಂಡವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಅದರ ರೊಟ್ಟಿ ತಟ್ಟುವಾಗಲೇ ಒಡೆಯುತ್ತಿತ್ತು ಎನ್ನುತ್ತಾರೆ ಅವರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ 'ಸುಕಡಿ' ಎಂಬ ಪೌಷ್ಟಿಕ ಆಹಾರವನ್ನು ಹಂಚುತ್ತಿದ್ದರು. ಆ ವರ್ಷ ಹೋಳಿಗೆಯ ಮಾತೇ ಇರಲಿಲ್ಲವೆಂದು ಹೇಳುವಾಗ ಹಿರಿಯರ ದನಿ ಇಳಿಯುತ್ತದೆ. ಹಬ್ಬದಡಿಗೆಯ ಬೆಲೆಯನ್ನು ನಾನು ಅರಿತುಕೊಂಡದ್ದು ಆ ದನಿಯಿಂದಲೇ.

ಇನ್ನು ಹೋಳಿಗೆ. ಇದರ ಬಗ್ಗೆ ತುಸು ವಿಸ್ತಾರವಾಗಿ ಬರೆಯಲು ಓದುಗರು ಅನುಮತಿ ಕೊಡಬೇಕು. ಒಂದು ಕಿಲೋ ಕಡಲೆಬೇಳೆಗೆ ಒಂದು ಕಿಲೋ ಬೆಲ್ಲ, ಇದು ನಮ್ಮ ಭಾಗದ ಸಮಸಮ ಲೆಕ್ಕ. ಬೇಳೆ ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವಷ್ಟು ಬೆಂದ ಬಳಿಕವೇ ಬೆಲ್ಲ ಹಾಕಬೇಕು. ಮೊದಲೇ ಹಾಕಿದರೆ ಸಿಹಿಯು ಬೇಳೆಯನ್ನು ಮೆತ್ತಗಾಗಗೊಡುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕು ನೀರಿನದು. ಗಡಸು ನೀರಿನ ಸುಣ್ಣದ ಅಂಶವು ಬೇಳೆಯ ಸಿಪ್ಪೆ-ತಿರುಳುಗಳನ್ನು ಬಿಗಿಗೊಳಿಸುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಕಾಳು ಕಾಳೇ. ಸವಳು ಬಾವಿಯ ಊರಿನ ಹೆಣ್ಣುಮಕ್ಕಳು ಹೋಳಿಗೆಯ ದಿನ ಮಾತ್ರ ದೂರದ ಸಿಹಿನೀರಿನ ಬಾವಿಗೆ ಕೊಡ ಹೊತ್ತು ಹೋಗುತ್ತಿದ್ದುದಕ್ಕೆ ಕಾರಣ ಇದೇ. ಇಲ್ಲವಾದರೆ ಚಿಟಿಕೆ ಸೋಡಾ ಹಾಕುತ್ತಿದ್ದರು. ರಸಾಯನಶಾಸ್ತ್ರದ ಪಾಠದಲ್ಲಿ ಗಡಸು ನೀರಿನ ವಿಷಯ ಬಂದಾಗ ಮಕ್ಕಳಿಗೆ ಸಾಬೂನಿನ ನೊರೆಯ ಉದಾಹರಣೆ ಕೊಡುತ್ತಾರೆ. ಹೋಳಿಗೆಯ ಉದಾಹರಣೆ ಕೊಟ್ಟರೆ ಅವರು ಜನ್ಮದಲ್ಲಿ ಮರೆಯಲಾರರು.

ಬೇಳೆ ಬೆಂದ ನೀರನ್ನು ಬಸಿದರೆ ಅದೇ ಕಟ್ಟು. ಒಣಕೊಬ್ಬರಿ, ಮಸಾಲೆ, ಹುಣಸೆಹುಳಿ ಸೇರಿ ಅದು ಕಟ್ಟಿನ ಸಾರಾಗುತ್ತದೆ. ಬಡವರ ಮನೆಯ ಹಬ್ಬದಲ್ಲಿ ಚೆಲ್ಲುವ ವಸ್ತುವೇ ಇಲ್ಲ. ಮೈದಾ ಹಾಕಿದ ಕಣಕ, ಯಂತ್ರದಲ್ಲಿ ಅರೆದ ಹೂರಣ ಇವುಗಳ ಬಗೆಗೆ ನನ್ನ ಆಕ್ಷೇಪವೇನೂ ಇಲ್ಲ. ತುಪ್ಪದಲ್ಲಿ ಕೈಬಿಗಿ ಮಾಡುವವರ ಬಗೆಗೆ ಮಾತ್ರ ಇದೆ.

ಹೊರಗಿನ ಊಟದ ಪ್ರಸ್ತಾಪವಿಲ್ಲದೆ ಈ ಅಭ್ಯಾಸ ಅಪೂರ್ಣ. ಮಿರಜಿನ ಆಸ್ಪತ್ರೆಗೋ ಸೊಲ್ಲಾಪುರದ ಪೇಟೆಗೋ ಹೋದ ನಮ್ಮವರಿಗೆ ಹೋಟೆಲ್ ಎಂದರೆ ಖಾನಾವಳಿ: ತಾಟು ತುಂಬ ರೊಟ್ಟಿ, ಎರಡು ಪಲ್ಯ, ಸಾರು, ಕೇಳಿದಷ್ಟು ಮಜ್ಜಿಗೆ. 1995ರಲ್ಲಿ ಮಹಾರಾಷ್ಟ್ರ ಸರಕಾರವು ಒಂದು ರೂಪಾಯಿಗೆ ಝುಣಕಾ-ಭಾಕರ ಯೋಜನೆ ಆರಂಭಿಸಿತು; ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಇದಕ್ಕಿಂತ ಗಟ್ಟಿಯಾಗಿ ನಿಂತ ಉದಾಹರಣೆ ಮುಂಬಯಿಯದು. ಅಲ್ಲಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಚಾಳುಗಳಲ್ಲಿ ಅಡಿಗೆ ಮಾಡಿ ಬಡಿಸುತ್ತಿದ್ದ ಹೆಂಗಸರು ಬಡ್ಡಿಯ ಸಾಲದಲ್ಲಿ ಸಿಕ್ಕಿಕೊಂಡಿದ್ದರು. ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಅವರಿಗೆ ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. 1982ರ ಗಿರಣಿ ಮುಷ್ಕರ ಅವರ ಗಿರಾಕಿಗಳನ್ನೇ ಕಸಿದುಕೊಂಡಿತು. ಮನೆಯಲ್ಲಿ ಪುಕ್ಕಟೆಯಾಗಿ ಪಡೆಯುವ ಶ್ರಮಕ್ಕೆ ಬೆಲೆಯಿದೆ ಎಂಬುದು ತಾಟಿಗೆ ದರ ಹಚ್ಚಿದಾಗಲೇ ನಮಗೆ ಕಾಣಿಸುತ್ತದೆ. ಹಬ್ಬದ ದಿನ ಕೊನೆಯ ಪಂಕ್ತಿಯಲ್ಲಿ ಆರಿದ ಹೋಳಿಗೆ ಉಣ್ಣುವವರು ಯಾರೆಂದು ಗಂಡಸರು ಲೆಕ್ಕ ಹಾಕಿ ನೋಡಬೇಕು.

ಪಂಕ್ತಿಯ ಮಾತಿನೊಂದಿಗೆ ಗುಡ್ಡಾಪುರದ ನೆನಪಾಗುತ್ತದೆ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನು ದಾನಗುಣದಿಂದ ದಾನಮ್ಮನಾದಳೆಂಬುದು ಐತಿಹ್ಯ. ಕಾರ್ತಿಕ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದಿಂದ ಪಾದಯಾತ್ರೆಯಲ್ಲಿ ಬರುವ ಭಕ್ತರಿಗೆ ದಾಸೋಹದಲ್ಲಿ ಭಾಷೆ, ರಾಜ್ಯಗಳ ವಿಚಾರಣೆಯಿಲ್ಲ.

ಆದರೆ ಅದೇ ಕಾಲಕ್ಕೆ ನಮ್ಮ ತಾಲೂಕಿನ ಅನೇಕ ಒಲೆಗಳು ಆರಿರುತ್ತವೆ. ಮ್ಹೈಸಾಳ ಏತ ನೀರಾವರಿಯ ನೀರು ಮುಟ್ಟಿದ ಭಾಗದಲ್ಲಿ ದ್ರಾಕ್ಷಿ, ದಾಳಿಂಬೆ ಬಂದಿವೆ; ಮುಟ್ಟದ ಕಡೆಯ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತವೆ. ಗಂಡ-ಹೆಂಡತಿ ಸೇರಿ ಒಂದು 'ಕೊಯ್ತಾ'. ಮುಕಾದಮನಿಂದ ಮುಂಗಡ ಪಡೆದ ಮೇಲೆ ಹಂಗಾಮು ಮುಗಿಯುವವರೆಗೆ ಬಿಡುಗಡೆಯಿಲ್ಲ. ಎಳ್ಳಮಾವಾಸ್ಯೆ, ಭೋಗಿ, ಸಂಕ್ರಾಂತಿ, ಶಿವರಾತ್ರಿ ಎಲ್ಲವೂ ಈ ಅವಧಿಯಲ್ಲಿಯೇ ಬರುತ್ತವೆ. ತಮ್ಮ ಹೊಲದಲ್ಲಿ ಚರಗ ಚೆಲ್ಲಬೇಕಾದವರು ಪರರ ಫಡದಲ್ಲಿ ಕಬ್ಬಿನ ಸೋಗೆಯ ಗುಡಿಸಲಿನ ಮುಂದೆ, ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಾರೆ. ಅಜ್ಜ ಅಜ್ಜಿಯರೊಡನೆ ಊರಲ್ಲಿ ಉಳಿದ ಮಕ್ಕಳು ಶಾಲೆಗೆ ಬರುತ್ತಾರೆ, ಹಬ್ಬದ ಅಡಿಗೆಯನ್ನೂ ಕಲಿಯುತ್ತಾರೆ. ತಂದೆ ತಾಯಿಯರೊಡನೆ ಹೋದ ಮಕ್ಕಳ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಸಾಲು ಬೆಳೆಯುತ್ತದೆ. ಅಕ್ಷರವೂ ಅಡಿಗೆಯ ಪಾಠವೂ ಒಟ್ಟಿಗೆ ತಪ್ಪುತ್ತವೆ.

ಈ ಕಾರಣದಿಂದ ಹಳೆಯ ವಿದ್ಯಾರ್ಥಿ ಬಳಗಕ್ಕೆ ಒಂದು ಸೂಚನೆಯನ್ನು ಮುಂದಿಡುತ್ತೇನೆ. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಹಬ್ಬದಡಿಗೆಯನ್ನು, ಮಾಡುವ ತಾಯಿಯ ಬಾಯಿಮಾತಿನಲ್ಲಿಯೇ, ಎರಡು ಪುಟದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಬೇಕು. ಸೇರು, ಪಾವು, ಚಟಾಕುಗಳನ್ನು ತಿದ್ದಬಾರದು. ಪಕ್ಕದಲ್ಲಿ ಕಿಲೋ, ಗ್ರಾಮಿನ ಲೆಕ್ಕ ಕೊಟ್ಟರೆ ಸಾಕು. ಯಾವ ಬಾವಿಯ ನೀರು, ಯಾವ ಜೋಳ, ಯಾವ ಹಬ್ಬ, ಬಂದ ಸೊಸೆ ಯಾವ ಊರಿನವಳು ಎಂಬುದನ್ನು ತಪ್ಪದೆ ನಮೂದಿಸಬೇಕು. ಮರಾಠಿ ಮಾತು ಬಂದರೆ ಹಾಗೆಯೇ ಇರಲಿ. ಹಂಗಾಮಿಗೆ ಹೋದವರು ಮರಳುವುದು ಯುಗಾದಿಯ ಸುಮಾರಿಗೆ; ಅವರ ಮನೆಯ ಪುಟಗಳಿಗಾಗಿ ಕೊನೆಯ ದಿನಾಂಕವನ್ನು ಬಸವ ಜಯಂತಿಯ ನಂತರವೇ ಇಡುವುದು ಒಳ್ಳೆಯದು.